ವೃದ್ಧಾಪ್ಯ, ಅಪರಾಧ ಮತ್ತು ಕಾವಲಿನ ಪ್ರಶ್ನೆ

ಅರವತ್ತು ದಾಟಿದವರನ್ನು ಅಪರಾಧದಿಂದ ಕಾಪಾಡಬೇಕೆಂಬ ಮಾತಿಗೆ ಎದುರಾಡುವವರಿಲ್ಲ. ಆದರೆ ಯಾರಿಂದ ಕಾಪಾಡಬೇಕು ಎಂದು ಕೇಳಿದೊಡನೆ ಉತ್ತರಗಳು ಬೇರೆಬೇರೆಯಾಗುತ್ತವೆ. ಪೊಲೀಸರು ಹಂಚುವ ಕರಪತ್ರಗಳಲ್ಲಿ ಅಪರಾಧಿಯೆಂದರೆ ಬಾಗಿಲು ತಟ್ಟುವ ಅಪರಿಚಿತ, ವೃದ್ಧಾಪ್ಯವನ್ನು ಅಧ್ಯಯನ ಮಾಡುವ ಸಮಾಜವಿಜ್ಞಾನಿಗಳ ಬರಹಗಳಲ್ಲಿ ಅವನು ಬಹುಮಟ್ಟಿಗೆ ಮನೆಯವನೇ, ಬ್ಯಾಂಕುಗಳ ಎಚ್ಚರಿಕೆಯ ಸಂದೇಶಗಳಲ್ಲಿ ಅವನೊಂದು ಧ್ವನಿ ಮಾತ್ರ. ಭಾರತದಲ್ಲಿ 2011ರ ಜನಗಣತಿಯ ಪ್ರಕಾರ ಅರವತ್ತು ಮೀರಿದವರು 10.38 ಕೋಟಿಯಷ್ಟಿದ್ದು, ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರ ಹತ್ತಿರವಿತ್ತು. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಮುಂಬೈಯಲ್ಲೋ ನೆಲೆಸಿರುವ ಕರಾವಳಿಯ ದೊಡ್ಡ ಮನೆಗಳು, ಮಗ ಅಮೆರಿಕಕ್ಕೆ ಹೋಗಿರುವ ಬೆಂಗಳೂರಿನ ಹಳೆಯ ಬಡಾವಣೆಗಳ ಸೈಟಿನ ಮನೆಗಳು, ದುಡಿಯುವವರೆಲ್ಲ ವಲಸೆ ಹೋಗಿ ಮುದುಕರೇ ಉಳಿದ ಕಲ್ಯಾಣ ಕರ್ನಾಟಕದ ಹಳ್ಳಿಗಳು, ಈ ಮೂರೂ ಕಡೆ ಅಪಾಯದ ಸ್ವರೂಪ ಒಂದೇ ಆಗಿರಲು ಸಾಧ್ಯವಿಲ್ಲ. ಈ ಪ್ರಶ್ನೆಯ ಬಗ್ಗೆ ಬೆಳೆದಿರುವ ವಿಚಾರಧಾರೆಗಳಲ್ಲಿ ಯಾವುದು ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆ ರೂಪುಗೊಂಡ ಬಗೆ

ಹಿರಿಯರ ಮೇಲಿನ ಹಿಂಸೆ ಪುರಾತನವಾದರೂ ಅದು ಅಧ್ಯಯನದ ವಸ್ತುವಾದದ್ದು ತೀರ ಈಚೆಗೆ. ಮಕ್ಕಳ ಮೇಲಿನ ಹಲ್ಲೆಯನ್ನು ವೈದ್ಯಲೋಕ 1960ರ ದಶಕದಲ್ಲಿಯೂ ಹೆಂಡತಿಯ ಮೇಲಿನ ಹಲ್ಲೆಯನ್ನು ಸ್ತ್ರೀವಾದಿ ಚಳವಳಿ 1970ರ ದಶಕದ ಆರಂಭದಲ್ಲಿಯೂ ಬೆಳಕಿಗೆ ತಂದ ಮೇಲೆ, 1975ರಲ್ಲಿ ಬ್ರಿಟನ್ನಿನ ವೈದ್ಯರಾದ ಬೇಕರ್ ಮತ್ತು ಬರ್ಸ್ಟನ್ ವೈದ್ಯಕೀಯ ಪತ್ರಿಕೆಗಳಲ್ಲಿ ಮನೆಯವರಿಂದಲೇ ಪೆಟ್ಟು ತಿಂದು ಆಸ್ಪತ್ರೆಗೆ ಬರುವ ಅಜ್ಜಿಯರ ಬಗ್ಗೆ ಬರೆದರು. ಅದೇ ಕಾಲದಲ್ಲಿ ಅಮೆರಿಕದ ನಗರಗಳಲ್ಲಿ ಚರ್ಚೆ ಬೇರೊಂದು ದಿಕ್ಕಿನಲ್ಲಿ ಸಾಗಿತ್ತು. ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯಗಳನ್ನು ಪರಿಶೀಲಿಸಿದ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್, ಯಾರ ಕಣ್ಣಿಗೂ ಬೀಳದ ಮೆಟ್ಟಿಲು, ಲಿಫ್ಟು, ಮೊಗಸಾಲೆಗಳೇ ಅಪರಾಧಕ್ಕೆ ಆಶ್ರಯ ಕೊಡುತ್ತವೆಂದು 1972ರಲ್ಲಿ ವಾದಿಸಿದರು. ಒಂದು ಧಾರೆ ಮನೆಯ ಒಳಗನ್ನು ನೋಡಿತು, ಇನ್ನೊಂದು ಹೊರಗನ್ನು. ಇವೆರಡೂ ಬಹುಕಾಲ ಪರಸ್ಪರ ಮಾತನಾಡಲಿಲ್ಲ.

ಭಾರತದಲ್ಲಿ 1999ರ ಹಿರಿಯರ ರಾಷ್ಟ್ರೀಯ ನೀತಿಯು ಒಂಟಿಯಾಗಿ ಬದುಕುವ ವೃದ್ಧರ ಮೇಲೆ ಪೊಲೀಸರು ಸ್ನೇಹಪೂರ್ವಕ ನಿಗಾ ಇಡಬೇಕೆಂದು ಹೇಳಿತು. ಬೆಂಗಳೂರು ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆಗೂಡಿ 2002ರಲ್ಲಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದರು. 2007ರಲ್ಲಿ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂತು, 2021ರಲ್ಲಿ ಇಡೀ ದೇಶಕ್ಕೆ 14567 ಎಂಬ ಎಲ್ಡರ್‌ಲೈನ್ ಬಂತು.

ಎಣಿಕೆಯ ತೊಡಕು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹಿರಿಯ ನಾಗರಿಕರ ವಿರುದ್ಧದ ಅಪರಾಧಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕತೊಡಗಿದ್ದು 2014ರಿಂದ. ಆ ವರ್ಷ ದೇಶದಲ್ಲಿ 18,714 ಪ್ರಕರಣಗಳು ದಾಖಲಾಗಿದ್ದವು; 2022ರಲ್ಲಿ ಅವು 28,545ಕ್ಕೆ ಏರಿದವು. ಹತ್ತು ಕೋಟಿಗೂ ಮೀರಿದ ಜನರ ನಡುವೆ ಇಷ್ಟೇ ಪ್ರಕರಣಗಳೆಂದರೆ ಭಾರತದ ಹಿರಿಯರು ಲೋಕದಲ್ಲೇ ಅತಿ ಸುರಕ್ಷಿತರೆಂದು ಭಾವಿಸಬೇಕಾಗುತ್ತದೆ. ಆದರೆ 2017–18ರಲ್ಲಿ ನಡೆದ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನದಲ್ಲಿ, ಅಂದರೆ ಅದೇ ಜನರನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಭೇಟಿಯಾಗಿ ಮಾಹಿತಿ ಕಲೆಹಾಕುವ ಸಮೀಕ್ಷೆಯ ಮೊದಲ ಸುತ್ತಿನಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಮ್ಮೊಂದಿಗೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆಂದು ಹೇಳಿದ ಹಿರಿಯರು ನೂರಕ್ಕೆ ಸುಮಾರು ಐದು ಮಂದಿ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆ ಇದೇ ಪ್ರಮಾಣವನ್ನು ಶೇ. 15.7 ಎಂದು ಅಂದಾಜಿಸಿದೆ.

ಠಾಣೆಯ ಲೆಕ್ಕಕ್ಕೂ ಸಮೀಕ್ಷೆಯ ಲೆಕ್ಕಕ್ಕೂ ಇರುವ ಈ ಕಂದಕಕ್ಕೆ ದೂರು ಕೊಡದಿರುವುದೊಂದೇ ಕಾರಣವಲ್ಲ. ಬಯ್ಗುಳ, ಊಟ ತಡಮಾಡುವುದು, ಮಾತು ಬಿಡುವುದು, ಪಿಂಚಣಿಯ ಪಾಸ್‌ಬುಕ್ಕನ್ನು ಎತ್ತಿಟ್ಟುಕೊಳ್ಳುವುದು ಇವೆಲ್ಲ ಸಮೀಕ್ಷಕರ ಪಟ್ಟಿಯಲ್ಲಿ ದೌರ್ಜನ್ಯವೆನಿಸಿದರೂ ಠಾಣೆಯ ಬರಹಗಾರನ ಪಾಲಿಗೆ ಮನೆಯ ಜಗಳ ಮಾತ್ರ. ಹೀಗಾಗಿ ಯಾವ ಅಂಕಿಯನ್ನು ಆಧಾರವಾಗಿ ಹಿಡಿಯುತ್ತೇವೆ ಎಂಬುದರ ಮೇಲೆಯೇ ಸಮಸ್ಯೆಯ ಗಾತ್ರವೂ ಪರಿಹಾರದ ದಿಕ್ಕೂ ತೀರ್ಮಾನವಾಗಿಬಿಡುತ್ತವೆ. ಈ ಕ್ಷೇತ್ರದ ಅನೇಕ ವಾದಗಳು ಮೂಲದಲ್ಲಿ ಎಣಿಕೆಯ ವಾದಗಳೇ.

ಅವಕಾಶ ಮತ್ತು ಕಾವಲು

ಪೊಲೀಸರ ನಿತ್ಯದ ಕ್ರಮಗಳ ಹಿಂದೆ, ಅವರಿಗೆ ಗೊತ್ತಿರಲಿ ಬಿಡಲಿ, ಇರುವ ಸಿದ್ಧಾಂತ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಮಂಡಿಸಿದ ದಿನಚರಿ ಸಿದ್ಧಾಂತ. ಅಪರಾಧ ಮಾಡಲು ಮನಸ್ಸಿರುವವನು, ಅವನ ಕೈಗೆ ನಿಲುಕುವ ಗುರಿ, ತಡೆಯಬಲ್ಲ ಕಾವಲಿನ ಅಭಾವ, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿಬಂದಾಗ ಅಪರಾಧ ನಡೆಯುತ್ತದೆ ಎಂಬುದು ಅದರ ಸಾರ. ಅಪರಾಧಿಯ ಬಾಲ್ಯವನ್ನಾಗಲಿ ಬಡತನವನ್ನಾಗಲಿ ಕೆದಕದೆ ಸಂದರ್ಭವನ್ನಷ್ಟೇ ನೋಡುವ ಈ ವಿಚಾರ ಹಿರಿಯರ ವಿಷಯದಲ್ಲಿ ಎರಡು ತೆರನಾದ ಫಲ ಕೊಡುತ್ತದೆ. ನಿವೃತ್ತರು ಹೆಚ್ಚು ಹೊತ್ತು ಮನೆಯಲ್ಲೇ ಇರುವುದರಿಂದ ಅವರ ಮನೆಗೆ ಅವರೇ ಕಾವಲು, ಆದ್ದರಿಂದ ಅವರ ಮೇಲಿನ ಅಪರಾಧ ಒಟ್ಟಾರೆ ಕಡಿಮೆ. ಆದರೆ ಅದೇ ಕಾವಲುಗಾರನ ಮೈಯಲ್ಲಿ ಬಲವಿಲ್ಲವೆಂದು ಗೊತ್ತಾದ ದಿನ ಆ ಮನೆಯೇ ಗುರಿಯಾಗುತ್ತದೆ.

ಕರ್ನಾಟಕದ ನಗರಗಳ ಸರಗಳ್ಳತನವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಸಿದ್ಧಾಂತ ಇನ್ನೊಂದಿಲ್ಲ. ಬೆಳಗಿನ ಹೊತ್ತು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ಅಥವಾ ದೇವಸ್ಥಾನಕ್ಕೆ ನಡೆದುಹೋಗುವ ಹೆಂಗಸು, ನಿರ್ಜನವಾದ ಅಡ್ಡರಸ್ತೆ, ವಿಳಾಸ ಕೇಳುವ ನೆಪದಲ್ಲಿ ನಿಧಾನವಾಗುವ ಬೈಕು, ಹಿಂದೆ ಕುಳಿತವನ ಕೈಗೆ ಸಿಗುವ ಮಾಂಗಲ್ಯದ ಸರ, ಹೀಗೆ ಹಗುರವಾದ, ಬೆಲೆಬಾಳುವ, ಎಲ್ಲೆಂದರಲ್ಲಿ ಕರಗಿಸಿ ಮಾರಬಲ್ಲ ವಸ್ತುವಿನ ಸುತ್ತ ಇಡೀ ಕೃತ್ಯ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಪೊಲೀಸರ ಭಾಷೆಯಲ್ಲಿ ‘ಗಮನ ಬೇರೆಡೆ ಸೆಳೆದು ಕಳವು’ ಎಂಬ ಹೆಸರಿನ ಇನ್ನೊಂದು ವಿಧಾನವಿದೆ. ಮಫ್ತಿಯಲ್ಲಿರುವ ಪೊಲೀಸರೆಂದು ಹೇಳಿಕೊಳ್ಳುವ ಇಬ್ಬರು ಮುಂದಿನ ಬೀದಿಯಲ್ಲಿ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಸುತ್ತಿಟ್ಟುಕೊಳ್ಳಿ ಎಂದು ಕಾಳಜಿ ತೋರಿಸಿ, ತಾವೇ ಸುತ್ತಿಕೊಟ್ಟ ಪೊಟ್ಟಣದಲ್ಲಿ ಕಲ್ಲು ಇಟ್ಟು ಕಳಿಸುತ್ತಾರೆ. ಹಿರಿಯರ ಸುರಕ್ಷತೆಗಾಗಿ ಪೊಲೀಸರು ಹೇಳುವ ಬುದ್ಧಿಮಾತನ್ನೇ ಕಳ್ಳನೂ ಹೇಳುತ್ತಾನೆ. ಎಚ್ಚರಿಕೆಯ ಪ್ರಚಾರವೊಂದನ್ನೇ ನೆಚ್ಚಿಕೊಂಡವರು ಇದನ್ನು ಗಮನಿಸಬೇಕು. ಕಿತ್ತುಕೊಂಡು ಹೋಗುವುದನ್ನು ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ 304ನೇ ಕಲಮಿನಡಿ ಪ್ರತ್ಯೇಕ ಅಪರಾಧವೆಂದು ಗುರುತಿಸಿ ಮೂರು ವರ್ಷದವರೆಗಿನ ಶಿಕ್ಷೆ ಗೊತ್ತುಮಾಡಿದೆ.

ಕಾವಲನ್ನು ಹೆಚ್ಚಿಸುವುದು ಈ ಧಾರೆಯ ಪರಿಹಾರ. 2007ರ ಕಾಯ್ದೆಗೆ ಕೇಂದ್ರವು ರೂಪಿಸಿದ ಮಾದರಿ ನಿಯಮಗಳು, ಪ್ರತಿ ಠಾಣೆಯೂ ತನ್ನ ವ್ಯಾಪ್ತಿಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಇಟ್ಟುಕೊಂಡು, ಠಾಣೆಯ ಪ್ರತಿನಿಧಿಯು ಸಮಾಜಸೇವಕರೊಬ್ಬರ ಜೊತೆ ತಿಂಗಳಿಗೊಮ್ಮೆಯಾದರೂ ಅವರನ್ನು ಭೇಟಿಯಾಗಬೇಕೆನ್ನುತ್ತವೆ. ಬೀಟ್ ವ್ಯವಸ್ಥೆ, ಅಂದರೆ ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಪೇದೆಗೆ ವಹಿಸಿಕೊಡುವ ಪದ್ಧತಿ, ಇದಕ್ಕೆ ತಳಹದಿ. ಕರ್ನಾಟಕ ಸರ್ಕಾರ 2025ರ ಜುಲೈಯಲ್ಲಿ ಆರಂಭಿಸಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಈ ವಿಚಾರವನ್ನು ಎಲ್ಲ ಮನೆಗಳಿಗೂ ವಿಸ್ತರಿಸಿದೆ. ಮನೆಗೆಲಸದವರ ಹಾಗೂ ಬಾಡಿಗೆದಾರರ ಪೂರ್ವಾಪರ ಪರಿಶೀಲನೆಯೂ ಇದೇ ಸಾಲಿಗೆ ಸೇರುತ್ತದೆ. ಅದಕ್ಕೊಂದು ಸಕಾರಣವಿರುವುದು ನಿಜವಾದರೂ ಅದು ಬಡವರನ್ನೂ ಹೊರರಾಜ್ಯದವರನ್ನೂ ಸಾರಾಸಗಟಾಗಿ ಅನುಮಾನದಿಂದ ನೋಡುವ ರೂಢಿಯನ್ನು ಗಟ್ಟಿಮಾಡುತ್ತದೆಂಬ ಆಕ್ಷೇಪವೂ ಅಷ್ಟೇ ನಿಜ. ಸಂಬಳವಿಲ್ಲದ ಮಗನ ಪೂರ್ವಾಪರವನ್ನು ಯಾವ ಠಾಣೆಯೂ ಪರಿಶೀಲಿಸುವುದಿಲ್ಲ.

ಭಯದ ಲೆಕ್ಕ

ಅಪರಾಧಕ್ಕೆ ಅತಿ ಕಡಿಮೆ ತುತ್ತಾಗುವ ವಯೋವರ್ಗವೇ ಅಪರಾಧಕ್ಕೆ ಅತಿ ಹೆಚ್ಚು ಹೆದರುತ್ತದೆಂಬುದು 1970ರ ದಶಕದ ಅಮೆರಿಕದ ಸಮೀಕ್ಷೆಗಳಿಂದ ಹೊರಟು ಪಠ್ಯಪುಸ್ತಕ ಸೇರಿದ ವಿರೋಧಾಭಾಸ. ಇದನ್ನು ಲಾಗ್ರೇಂಜ್ ಮತ್ತು ಫೆರಾರೊ 1987ರಲ್ಲಿ ಪ್ರಶ್ನಿಸಿದರು. ರಾತ್ರಿ ನಿಮ್ಮ ಬೀದಿಯಲ್ಲಿ ಒಬ್ಬರೇ ನಡೆಯಲು ಎಷ್ಟು ಸುರಕ್ಷಿತವೆನಿಸುತ್ತದೆ ಎಂಬಂಥ ಪ್ರಶ್ನೆಯಿಂದ ಭಯವನ್ನು ಅಳೆದರೆ ಮಂಡಿನೋವು, ಮಂಜುಗಣ್ಣು, ಬೀದಿದೀಪವಿಲ್ಲದ ರಸ್ತೆ ಎಲ್ಲವೂ ಅಪರಾಧದ ಭಯದ ಖಾತೆಗೇ ಜಮೆಯಾಗುತ್ತವೆ, ನಿರ್ದಿಷ್ಟ ಅಪರಾಧವನ್ನು ಹೆಸರಿಸಿ ಕೇಳಿದಾಗ ವಯಸ್ಸಿನ ವ್ಯತ್ಯಾಸ ಬಹಳಷ್ಟು ಕರಗುತ್ತದೆ ಎಂಬುದು ಅವರ ವಾದ. ಇನ್ನೊಂದು ಉತ್ತರವೂ ಇದೆ. ಎಪ್ಪತ್ತೈದರ ಮುದುಕಿಯನ್ನು ಯಾರಾದರೂ ತಳ್ಳಿದರೆ ಸೊಂಟದ ಮೂಳೆ ಮುರಿದು ಮುಂದಿನ ಬದುಕೆಲ್ಲ ಹಾಸಿಗೆಯಲ್ಲೇ ಕಳೆಯಬೇಕಾಗಬಹುದು. ಕಳೆದುಕೊಂಡ ಉಳಿತಾಯವನ್ನು ಮತ್ತೆ ದುಡಿಯಲು ಆಕೆಗೆ ವರ್ಷಗಳಿಲ್ಲ. ಸಂಭವನೀಯತೆ ಕಡಿಮೆಯಿದ್ದರೂ ಪರಿಣಾಮ ಭಾರಿಯಾಗಿರುವಾಗ ಆ ಭಯವನ್ನು ಅತಿರೇಕವೆನ್ನಲಾಗದು.

ಮನೆಯೊಳಗಿನ ಕೈ

ಕುಟುಂಬದೊಳಗಿನ ದೌರ್ಜನ್ಯಕ್ಕೆ ಮೊದಲು ಜನಪ್ರಿಯವಾದ ವಿವರಣೆ ಆರೈಕೆಯ ಒತ್ತಡದ್ದು. ಹಾಸಿಗೆ ಹಿಡಿದ, ಮರೆವಿನ ಕಾಯಿಲೆಗೆ ಸಿಕ್ಕಿದ ಹಿರಿಯರನ್ನು ಹಗಲಿರುಳು ನೋಡಿಕೊಳ್ಳುವ ಮಗಳೋ ಸೊಸೆಯೋ ದಣಿದು ಕೈಯೆತ್ತುತ್ತಾಳೆ ಎಂಬ ಈ ವಾದ ಸಹಾನುಭೂತಿಯಿಂದ ಕೂಡಿದ್ದರಿಂದ ಬೇಗ ಹಬ್ಬಿತು. ಅಮೆರಿಕದ ಕಾರ್ಲ್ ಪಿಲ್ಲೆಮರ್ 1980ರ ದಶಕದಲ್ಲಿ ಇದನ್ನು ತಿರುವುಮುರುವು ಮಾಡಿದರು: ದೌರ್ಜನ್ಯ ಎಸಗುವವರನ್ನು ಹತ್ತಿರದಿಂದ ನೋಡಿದಾಗ ಅವಲಂಬಿತರು ಹಿರಿಯರಲ್ಲ, ಮನೆಗೂ ಖರ್ಚಿಗೂ ಹಿರಿಯರನ್ನೇ ಆತುಕೊಂಡಿರುವ, ಎಷ್ಟೋ ಸಲ ಕುಡಿತದ ಅಥವಾ ಮಾನಸಿಕ ಕಾಯಿಲೆಯ ತೊಂದರೆಯಿರುವ ಮಕ್ಕಳೇ ಎಂದು ಅವರು ತೋರಿಸಿದರು. ಪಿಲ್ಲೆಮರ್ ಮತ್ತು ಫಿಂಕೆಲ್ಹಾರ್ 1988ರಲ್ಲಿ ಪ್ರಕಟಿಸಿದ ಬಾಸ್ಟನ್ ಸಮೀಕ್ಷೆಯಲ್ಲಿ ಸಾವಿರಕ್ಕೆ 32 ಹಿರಿಯರು ದೌರ್ಜನ್ಯಕ್ಕೊಳಗಾಗಿದ್ದು, ಎಸಗಿದವರಲ್ಲಿ ಮಕ್ಕಳಿಗಿಂತ ಗಂಡ ಅಥವಾ ಹೆಂಡತಿಯೇ ಹೆಚ್ಚಾಗಿದ್ದರು. ಮೂರನೆಯದಾದ ಸ್ತ್ರೀವಾದಿ ವಿವರಣೆ, ಮುಪ್ಪಿನಲ್ಲಿ ಕಾಣುವ ಹಿಂಸೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನದಿಂದಲೂ ನಡೆದುಬಂದದ್ದೇ, ಅದಕ್ಕೆ ವಯಸ್ಸಾಗಿದೆ ಅಷ್ಟೇ ಎನ್ನುತ್ತದೆ.

ಭಾರತದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಚಲಾವಣೆಯಲ್ಲಿರುವುದು ಅವಿಭಕ್ತ ಕುಟುಂಬ ಒಡೆದದ್ದೇ ಕಾರಣವೆಂಬ ಕಥನ. ಗೃಹಸ್ವರೂಪದ ಬಗ್ಗೆ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಎ. ಎಂ. ಶಾ, ಹಿಂದೆಲ್ಲ ಅವಿಭಕ್ತ ಮನೆಗಳೇ ಇದ್ದವೆಂಬ ನಂಬಿಕೆಗೆ ಆಧಾರ ದುರ್ಬಲವೆಂದು ಬಹಳ ಹಿಂದೆಯೇ ತೋರಿಸಿದ್ದರು. ವಾರಾಣಸಿಯಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ (ದಿನಚರಿ ಸಿದ್ಧಾಂತದ ಕೋಹೆನ್ ಬೇರೆ, ಇವರು ಬೇರೆ) 1998ರ ತಮ್ಮ ಪುಸ್ತಕದಲ್ಲಿ, ಮುದುಕರ ಎಲ್ಲ ಸಂಕಟಕ್ಕೂ ‘ಕೆಟ್ಟ ಕುಟುಂಬ’ವನ್ನು ಹೊಣೆ ಮಾಡುವ ಮಾತು ಹೇಗೆ ಇಡೀ ಚರ್ಚೆಯನ್ನು ಆವರಿಸಿದೆಯೆಂದು ವಿವರಿಸಿದ್ದಾರೆ. ಕುಟುಂಬದ ಪತನವನ್ನು ಹಳಿಯುವ ಭಾಷಣಗಳಲ್ಲಿ ಆಸ್ತಿಯ ಮಾತು ಬರುವುದು ಕಡಿಮೆ. ಬೆಂಗಳೂರಿನಂಥ ನಗರದಲ್ಲಿ ನಿವೃತ್ತ ಗುಮಾಸ್ತನೊಬ್ಬ ದಶಕಗಳ ಹಿಂದೆ ಕಟ್ಟಿದ ಮೂವತ್ತು–ನಲವತ್ತರ ಸೈಟಿನ ಮನೆ ಇಂದು ಮಕ್ಕಳ ಜೀವಮಾನದ ಸಂಪಾದನೆಗೂ ಮಿಗಿಲಾಗಿರುವಾಗ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ದಾನಪತ್ರಕ್ಕೆ ಬೀಳುವ ಒಂದು ಹೆಬ್ಬೆಟ್ಟು ಹಿರಿಯರ ಸುರಕ್ಷತೆಯ ಮೇಲೆ ಯಾವ ಸರಗಳ್ಳನಿಗಿಂತಲೂ ದೊಡ್ಡ ಪರಿಣಾಮ ಬೀರಬಲ್ಲದು.

ಫೋನಿನಲ್ಲಿ ಬರುವ ಪೊಲೀಸರು

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಇಂದು ಅಂಥ ಠಾಣೆಗಳ ಮುಂದೆ ದೂರು ಹಿಡಿದು ನಿಲ್ಲುವವರಲ್ಲಿ ನಿವೃತ್ತ ಅಧಿಕಾರಿಗಳು, ಪ್ರಾಧ್ಯಾಪಕರು, ವೈದ್ಯರೂ ಇರುವುದು ಅನಕ್ಷರತೆಯೇ ಮೋಸಕ್ಕೆ ಕಾರಣವೆಂಬ ಹಳೆಯ ನಂಬಿಕೆಯನ್ನು ಅಲುಗಾಡಿಸಿದೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆ ಇದಕ್ಕೆ ಉತ್ತಮ ನಿದರ್ಶನ. ನಿಮ್ಮ ಹೆಸರಿನ ಕೊರಿಯರ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಇಲ್ಲವೇ ನಿಮ್ಮ ಆಧಾರ್ ಬಳಸಿ ತೆರೆದ ಖಾತೆಯಲ್ಲಿ ಅಕ್ರಮ ಹಣ ಓಡಾಡಿದೆ ಎಂಬ ಕರೆಯಿಂದ ಶುರುವಾಗಿ, ವಿಡಿಯೊದಲ್ಲಿ ಸಮವಸ್ತ್ರದ ಅಧಿಕಾರಿ, ಹಿಂದೆ ಇಲಾಖೆಯ ಲಾಂಛನ, ಬಳಿಕ ಮೊಹರು ಬಿದ್ದ ನಕಲಿ ವಾರಂಟ್ ಬರುತ್ತವೆ. ಕ್ಯಾಮೆರಾ ಆರಿಸಕೂಡದು, ಮಕ್ಕಳಿಗೂ ಹೇಳಕೂಡದು ಎಂಬ ಅಪ್ಪಣೆಯಾಗುತ್ತದೆ; ‘ತನಿಖೆ ಮುಗಿದ ಮೇಲೆ ವಾಪಸ್ ಬರುತ್ತದೆ’ ಎಂಬ ಭರವಸೆಯ ಮೇಲೆ ನಿಶ್ಚಿತ ಠೇವಣಿಯನ್ನು ಮುರಿಸಲಾಗುತ್ತದೆ. ಬ್ಯಾಂಕಿನಲ್ಲಿ ಇಷ್ಟೊಂದು ಹಣ ಯಾಕೆ ಎಂದು ಕೇಳಿದರೆ ಏನು ಹೇಳಬೇಕೆಂಬುದನ್ನೂ ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ಪ್ರಧಾನಿ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಈ ವಿಷಯವೆತ್ತಿದಾಗ ಕೇಳಿಸಿದ ಧ್ವನಿಮುದ್ರಣ ವಿಜಯಪುರದ ನಾಗರಿಕರೊಬ್ಬರಿಗೆ ಬಂದ ಇಂಥ ಕರೆಯದೇ.

ಇದನ್ನು ವಿವರಿಸುವಲ್ಲಿ ಮನಶ್ಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ. ವಯಸ್ಸಾದಂತೆ, ನಂಬಲರ್ಹವಲ್ಲದ ಮುಖವನ್ನು ಕಂಡಾಗ ಎಚ್ಚರಿಸುವ ಮಿದುಳಿನ ಭಾಗದ ಸ್ಪಂದನೆ ಕುಗ್ಗುತ್ತದೆಂದು 2012ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರ ಅಧ್ಯಯನವೊಂದು ಹೇಳಿತು. ಇದಕ್ಕೆದುರಾಗಿ ರಾಸ್, ಗ್ರಾಸ್‌ಮನ್, ಶ್ರಯರ್ ಎಂಬವರು 2014ರಲ್ಲಿ ಲಭ್ಯ ಪುರಾವೆಗಳನ್ನೆಲ್ಲ ಜಾಲಾಡಿ, ಗ್ರಾಹಕ ವಂಚನೆಗೆ ಹಿರಿಯರೇ ಹೆಚ್ಚು ಬಲಿಯಾಗುತ್ತಾರೆನ್ನಲು ಗಟ್ಟಿ ಆಧಾರವಿಲ್ಲವೆಂದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ ಬರುವ ದೂರುಗಳಲ್ಲಿಯೂ ಹಣ ಕಳೆದುಕೊಂಡೆವೆನ್ನುವವರ ಪ್ರಮಾಣ ಯುವಜನರಲ್ಲೇ ಹೆಚ್ಚು, ಆದರೆ ಒಂದೊಂದು ಪ್ರಕರಣದ ನಷ್ಟ ದೊಡ್ಡದಾಗಿರುವುದು ವೃದ್ಧರಲ್ಲಿ. ಹಾಗಾದರೆ ಸಮಸ್ಯೆ ಮಿದುಳಿನದೋ ಠೇವಣಿಯದೋ? ಭಾರತದ ಪ್ರಕರಣಗಳಿಗೆ ಮೂರನೆಯ ವಿವರಣೆಯೇ ಹೆಚ್ಚು ಒಪ್ಪುವಂತಿದೆ. ಇಲ್ಲಿ ವಂಚಕರು ಬಳಸಿಕೊಳ್ಳುವುದು ಮರೆವನ್ನಲ್ಲ, ಸರ್ಕಾರಿ ಕಾಗದಕ್ಕೂ ಅಧಿಕಾರಿಗೂ ಅಂಜುವ, ಮಾನ ಹೋದರೆ ಬದುಕಿಲ್ಲವೆನ್ನುವ ಒಂದು ಪೀಳಿಗೆಯ ವಿಧೇಯತೆಯನ್ನು. ಅರವತ್ತು ಮೀರಿದ ಪುರುಷರನ್ನೂ ಯಾವುದೇ ವಯಸ್ಸಿನ ಮಹಿಳೆಯರನ್ನೂ ಸಾಕ್ಷ್ಯಕ್ಕಾಗಿ ಅವರ ಮನೆಯಲ್ಲೇ ವಿಚಾರಿಸಬೇಕೇ ವಿನಾ ಬೇರೆಡೆಗೆ ಕರೆಸುವಂತಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ವಿಡಿಯೊ ಮೂಲಕ ಬಂಧಿಸುವ ಅಧಿಕಾರವಂತೂ ಯಾವ ಕಾನೂನಿನಲ್ಲೂ ಇಲ್ಲ. ಹರಿಯಾಣದ ಅಂಬಾಲದ ವೃದ್ಧ ದಂಪತಿಯ ಪತ್ರದ ಮೇರೆಗೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಡಿಸೆಂಬರ್‌ನಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು.

ಹೋದ ಹಣದ ಹೊಣೆ ಯಾರದೆಂಬುದು ಈ ಭಾಗದ ಅತಿ ಬಿಸಿಯಾದ ವಾದ. ಗ್ರಾಹಕನ ತಪ್ಪಿಲ್ಲದೆ, ಮೂರನೆಯವರ ಕೃತ್ಯದಿಂದ ನಡೆದ ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೇಳಿತು. ಬೆದರಿಕೆಗೆ ಮಣಿದು ತಾನೇ ಕಳಿಸಿದ ಹಣಕ್ಕೆ ಈ ರಕ್ಷಣೆ ತಲುಪುವುದಿಲ್ಲ. ಆಗ ಉಳಿಯುವುದು ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ ಹಣ ಕೈದಾಟುವ ಮೊದಲೇ ಖಾತೆಯನ್ನು ಸ್ಥಗಿತಗೊಳಿಸುವ ಓಟ. ಬ್ರಿಟನ್ 2024ರ ಅಕ್ಟೋಬರ್ 7ರಿಂದ ಇಂಥ ನಷ್ಟವನ್ನೂ 85,000 ಪೌಂಡ್‌ವರೆಗೆ ಕಳಿಸಿದ ಹಾಗೂ ಪಡೆದ ಸಂಸ್ಥೆಗಳು ಸಮಪಾಲಾಗಿ ತುಂಬಿಕೊಡಬೇಕೆಂದು ವಿಧಿಸಿದೆ.

ಕಾನೂನಿನ ದಾರಿ

2007ರ ಕಾಯ್ದೆಯ ವಿಶೇಷವೆಂದರೆ ಅದು ಹಿರಿಯರನ್ನು ಸಿವಿಲ್ ನ್ಯಾಯಾಲಯದ ಅಲೆದಾಟದಿಂದ ತಪ್ಪಿಸಿ ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಿಸಿದ್ದು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶದ ಮಿತಿಯನ್ನು ಮೂಲ ಕಾಯ್ದೆ ಹಾಕಿತು. ತೊರೆದು ಹೋದವರಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರದವರೆಗಿನ ದಂಡ ಎಂಬ ಶಿಕ್ಷೆ ಯಾರನ್ನಾದರೂ ಹೆದರಿಸೀತೇ ಎಂಬುದು ಸಂದೇಹ. ನಿಜವಾದ ಹಲ್ಲಿರುವುದು 23ನೇ ಕಲಮಿಗೆ: ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ರದ್ದುಪಡಿಸಿ ಹಿಂಪಡೆಯಬಹುದು. ಆ ಷರತ್ತು ಇತ್ತೆಂಬುದನ್ನು ಸಾಬೀತುಪಡಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಒಂದು ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದರೆ, 2025ರ ಜನವರಿಯ ತೀರ್ಪಿನಲ್ಲಿ ಇನ್ನೊಂದು ಪೀಠ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ದಾನಪತ್ರವನ್ನು ರದ್ದುಗೊಳಿಸಿತು. ಮಗನ ಮೇಲಿನ ಪ್ರೀತಿಯಿಂದ ಬರೆದುಕೊಡುವ ತಂದೆ ತಾಯಿ ಪತ್ರದಲ್ಲಿ ಷರತ್ತು ಹಾಕಿಸುವುದಕ್ಕೆ ನಾಚುತ್ತಾರೆ ಎಂಬ ಸರಳ ಸಂಗತಿಯೇ ಈ ವ್ಯಾಜ್ಯಗಳೆಲ್ಲದರ ಬೇರು.

ಕಾಯ್ದೆಗೆ ಇನ್ನೊಂದು ಮುಖವಿದೆಯೆಂದು ತೋರಿಸಿದ್ದು ಬೆಂಗಳೂರಿನದೇ ಪ್ರಕರಣ. ಅತ್ತೆ ಮಾವಂದಿರು ಈ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ಹೊರಹಾಕುವ ಆದೇಶ ಪಡೆದಿದ್ದರು. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟಿರುವ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ತ್ವರಿತ ಪ್ರಕ್ರಿಯೆಯಿಂದ ಅಳಿಸಲಾಗದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ತಳ್ಳಿಹಾಕಿತು.

ತೀರ್ಮಾನವಾಗದ ಸಂಗತಿಗಳು

ಯಾವ ಕ್ರಮ ನಿಜಕ್ಕೂ ಫಲ ಕೊಡುತ್ತದೆ ಎಂಬುದೇ ಮೊದಲ ಅನಿಶ್ಚಿತತೆ. ಹಿರಿಯರ ಮೇಲಿನ ದೌರ್ಜನ್ಯ ತಡೆಯುವ ಪ್ರಯೋಗಗಳನ್ನು 2016ರಲ್ಲಿ ಕಾಕ್ರೇನ್ ಸಂಸ್ಥೆ ಪರಿಶೀಲಿಸಿದಾಗ ಮಾನದಂಡಕ್ಕೆ ನಿಂತದ್ದು ಏಳೇ ಅಧ್ಯಯನಗಳು, ಅವುಗಳಿಂದಲೂ ಗಟ್ಟಿ ನಿರ್ಣಯ ಹೊರಡಲಿಲ್ಲ. ಸಹಾಯವಾಣಿಯ ಕರೆ ಹೆಚ್ಚಾದರೆ ದೌರ್ಜನ್ಯ ಹೆಚ್ಚಾಯಿತೆನ್ನಬೇಕೋ ನಂಬಿಕೆ ಹೆಚ್ಚಾಯಿತೆನ್ನಬೇಕೋ ಎಂಬುದನ್ನು ಅಂಕಿಗಳು ಹೇಳುವುದಿಲ್ಲ.

ಎರಡನೆಯದು ಇದಕ್ಕಿಂತ ಆಳದ್ದು. ಕಾವಲು ಗಟ್ಟಿಯಾದಂತೆ ಕಾಯಲ್ಪಡುವವರ ಇಚ್ಛೆ ಸಡಿಲವಾಗುತ್ತದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ವೈದ್ಯರು ಮೊದಲಾದವರು ಅನುಮಾನ ಬಂದೊಡನೆ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಇದು ಬುದ್ಧಿ ನೆಟ್ಟಗಿರುವ ವಯಸ್ಕರನ್ನು ಮಕ್ಕಳಂತೆ ಕಾಣುತ್ತದೆಂಬ ಟೀಕೆ ಅಷ್ಟೇ ಹಳೆಯದು. ಮಗ ಹೊಡೆದರೂ ಅವನ ಮೇಲೆ ಕೇಸು ಬೇಡವೆನ್ನುವ ತಾಯಿಯ ಮಾತನ್ನು ಒಪ್ಪಿಗೆಯೆನ್ನಬೇಕೋ ಅಸಹಾಯಕತೆಯೆನ್ನಬೇಕೋ ಎಂಬುದಕ್ಕೆ ಹಕ್ಕುವಾದಿಗಳಲ್ಲೂ ರಕ್ಷಣಾವಾದಿಗಳಲ್ಲೂ ಸಿದ್ಧ ಉತ್ತರವಿಲ್ಲ. ಬ್ಯಾಂಕಿನ ಪ್ರಶ್ನೆಯೂ ಇದೇ ಬಗೆಯದು. ಎಪ್ಪತ್ತರ ಗ್ರಾಹಕ ತನ್ನದೇ ಠೇವಣಿಯನ್ನು ಮುರಿದು ಕಳಿಸುವಾಗ ಒಂದು ದಿನ ತಡೆಹಿಡಿಯುವುದು ರಕ್ಷಣೆಯೋ ಅವಮಾನವೋ, ಆ ತಡೆಯನ್ನು ವಯಸ್ಸಿನ ಮೇಲೆ ಹಾಕಬೇಕೋ ವಹಿವಾಟಿನ ರೀತಿಯ ಮೇಲೋ ಎಂಬುದರಲ್ಲಿ ಮತಭೇದವಿದೆ.

ಒಂಟಿ ಹಿರಿಯರ ಪಟ್ಟಿಯ ಬಗ್ಗೆ ಬಹಳ ಕಡಿಮೆ ಚರ್ಚೆಯಾಗಿದೆ. ಯಾವ ಬೀದಿಯ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ, ಅವರ ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂಬ ಮಾಹಿತಿ ಠಾಣೆಗೆ ಎಷ್ಟು ಉಪಯುಕ್ತವೋ ಕಳ್ಳನಿಗೂ ಅಷ್ಟೇ ಉಪಯುಕ್ತ. ಬೀಟ್ ಪುಸ್ತಕದ ಕಾಲದಲ್ಲಿ ಅದು ಒಂದು ಠಾಣೆಯ ಬೀರುವಿನಲ್ಲಿರುತ್ತಿತ್ತು, ಈಗ ಆ್ಯಪುಗಳಿಗೂ ವಾಟ್ಸ್ಆ್ಯಪ್ ಗುಂಪುಗಳಿಗೂ ಸೇರುತ್ತಿದೆ. ಅದನ್ನು ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ತಮ್ಮ ಹೆಸರನ್ನು ತೆಗೆದುಹಾಕಿರೆಂದು ಹಿರಿಯರು ಕೇಳಿದರೆ ತೆಗೆಯಬೇಕಾದವರು ಯಾರು ಎಂಬುದರ ಬಗ್ಗೆ ಮಾದರಿ ನಿಯಮಗಳು ಮೌನವಾಗಿವೆ.